ರಿಪೋರ್ಟ್‌ನಲ್ಲಿ 70% ಅಂತಿದೆ, ಹಾಗಂದ್ರೇನು?

ಇವತ್ತು ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಮಾತಾಡೋಣ. ಸಿಗರೇಟ್ ಬಿಡಿ ಅನ್ನೋ ಬುದ್ಧಿವಾದ ಅಲ್ಲ. ಒಂದು ರಿಪೋರ್ಟ್ ಓದೋದು ಹೇಗೆ ಅನ್ನೋದು.

ನಮ್ಮನೆ ಮೂಡಲಪಾಳ್ಯದಲ್ಲಿ. ನಮ್ಮ ಕಡೆ ಕ್ಯಾನ್ಸರ್ ಅಂತ ಬಾಯಿಬಿಟ್ಟು ಹೇಳೋರು ಕಮ್ಮಿ. 'ಕಿದ್ವಾಯಿಗೆ ತೋರಿಸ್ತಿದ್ದಾರಂತೆ' ಅಂತಾರೆ, ಅಷ್ಟೇ. 1973ರಲ್ಲಿ ಶುರುವಾದ ಆ ಆಸ್ಪತ್ರೆಯ ಹೆಸರೇ ಕಾಯಿಲೆಗೆ ಅಡ್ಡಹೆಸರಾಗಿಬಿಟ್ಟಿದೆ.

ನನ್ನ ಸೋದರಮಾವ ಆಟೋ ಓಡಿಸ್ತಾರೆ. ಬೀಡಿ ಮುಟ್ಟಿದವರಲ್ಲ. ಮೂರು ತಿಂಗಳಾದ್ರೂ ಕೆಮ್ಮು ನಿಲ್ಲಲಿಲ್ಲ. ಟಿಬಿ ಇರಬೇಕು ಅಂದುಕೊಂಡ್ವಿ. ಬಯಾಪ್ಸಿಯಲ್ಲಿ ಗೊತ್ತಾಯ್ತು: ಅಡಿನೋಕಾರ್ಸಿನೋಮಾ, ನಾಲ್ಕನೇ ಹಂತ. ಒಂದು ವಾರದ ಮೇಲೆ ನನ್ನ ವಾಟ್ಸಾಪ್‌ಗೆ ಇನ್ನೊಂದು ಪಿಡಿಎಫ್ ಬಂತು. ಅದರಲ್ಲಿ 'ಪಿಡಿ-ಎಲ್1: 70%'.

ಅತ್ತೆ ಗಾಬರಿಯಾಗಿ, 'ಎಪ್ಪತ್ತು ಭಾಗ ಹರಡಿಬಿಟ್ಟಿದೆಯೇನೋ?' ಅಂದ್ರು. ನಾನು ಮೊಬೈಲ್‌ನಲ್ಲಿ ಅಷ್ಟಿಷ್ಟು ಓದಿ, 'ಇಲ್ಲ ಅತ್ತೆ, 70% ವಾಸಿಯಾಗತ್ತೆ ಅಂತ' ಅಂದೆ. ಇಬ್ಬರದೂ ತಪ್ಪು.

ಪಿಡಿ-ಎಲ್1 ಅನ್ನೋದು ಜೀವಕೋಶದ ಮೇಲ್ಮೈಯಲ್ಲಿರೋ ಒಂದು ಪ್ರೋಟೀನ್. ನಮ್ಮ ರಕ್ತದಲ್ಲಿರೋ ಟಿ-ಕೋಶಗಳು ಬಸ್ಸಿನಲ್ಲಿ ಟಿಕೆಟ್ ಚೆಕ್ ಮಾಡೋ ಇನ್‌ಸ್ಪೆಕ್ಟರ್ ಇದ್ದ ಹಾಗೆ. ಕ್ಯಾನ್ಸರ್ ಕೋಶ ಈ ಪ್ರೋಟೀನನ್ನ ಪಾಸ್ ಥರ ತೋರಿಸತ್ತೆ, ಇನ್‌ಸ್ಪೆಕ್ಟರ್ ಮುಂದೆ ಹೋಗ್ತಾರೆ. ಲ್ಯಾಬ್‌ನಲ್ಲಿ ಕನಿಷ್ಠ 100 ಕ್ಯಾನ್ಸರ್ ಕೋಶ ನೋಡಿ, ನೂರಕ್ಕೆ ಎಷ್ಟರ ಮೇಲೆ ಈ ಪಾಸ್ ಇದೆ ಅಂತ ಲೆಕ್ಕ ಹಾಕ್ತಾರೆ. 70% ಅಂದ್ರೆ ಅದು. ಹರಡಿರೋದೂ ಅಲ್ಲ, ವಾಸಿಯಾಗೋದೂ ಅಲ್ಲ.

ಆ ಪಾಸ್ ಕೆಲಸ ಮಾಡದ ಹಾಗೆ ತಡೆಯೋದೇ ಇಮ್ಯುನೋಥೆರಪಿ. ಇದರ ಹಿಂದಿನ ಸಂಶೋಧನೆಗೆ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. 2016ರಲ್ಲಿ ಪ್ರಕಟವಾದ ಕೀನೋಟ್-024 ಅಧ್ಯಯನದಲ್ಲಿ 50% ಅಥವಾ ಹೆಚ್ಚು ಪಿಡಿ-ಎಲ್1 ಇದ್ದ 305 ಜನರಿದ್ದರು. ಮೊದಲು ಈ ಔಷಧಿ ಪಡೆದವರಲ್ಲಿ ಐದು ವರ್ಷದ ನಂತರ ಬದುಕಿದ್ದವರು ಸುಮಾರು 32%. ಕೀಮೋ ಪಡೆದವರಲ್ಲಿ ಸುಮಾರು 16%. ಎರಡು ಪಟ್ಟು, ನಿಜ. ಆದ್ರೆ ಮೂವರಲ್ಲಿ ಇಬ್ಬರು ಉಳಿಯಲಿಲ್ಲ ಅನ್ನೋದೂ ಅಷ್ಟೇ ನಿಜ.

ಒಂದು ಡೋಸ್‌ಗೆ ಲಕ್ಷಗಟ್ಟಲೆ. ಅತ್ತೆ ಸೈಟ್ ಮಾರೋಕೆ ರೆಡಿಯಾದ್ರು. ಡಾಕ್ಟರ್ ತಡೆದರು: 'ಇಜಿಎಫ್ಆರ್ ರಿಪೋರ್ಟ್ ಬರಲಿ. ಅಲ್ಲಿವರೆಗೂ ಕಾಯಿರಿ.'

ಇಜಿಎಫ್ಆರ್ ಕೂಡ ಕೋಶದ ಮೇಲ್ಮೈಯದ್ದೇ. 'ಬೆಳಿ' ಅನ್ನೋ ಸಂದೇಶ ಹಿಡಿಯೋ ಆಂಟೆನಾ. ಅದರ ಜೀನ್ ಕೆಟ್ಟರೆ, ಸ್ವಿಚ್ ಸಿಕ್ಕಿಹಾಕಿಕೊಂಡ ಕಾಲಿಂಗ್ ಬೆಲ್ ಥರ ಹೊಡ್ಕೊಳ್ತಾನೇ ಇರತ್ತೆ. ನಮ್ಮ ದೇಶದಲ್ಲಿ ಅಡಿನೋಕಾರ್ಸಿನೋಮಾ ಇರೋ ಸುಮಾರು ನಾಲ್ಕು ಜನರಲ್ಲಿ ಒಬ್ಬರಿಗೆ ಹೀಗಿರತ್ತೆ. ಧೂಮಪಾನ ಮಾಡದವರಲ್ಲಿ ಇನ್ನೂ ಜಾಸ್ತಿ. ಇಂಥವರಿಗೆ ಪಿಡಿ-ಎಲ್1 ಎಷ್ಟೇ ಇದ್ದರೂ ಇಮ್ಯುನೋಥೆರಪಿ ಒಂದೇ ಕೊಟ್ಟರೆ ಉಪಯೋಗ ಕಮ್ಮಿ. ಕೀನೋಟ್-024ರಲ್ಲಿ ಅವರನ್ನು ಸೇರಿಸಿಕೊಂಡಿರಲಿಲ್ಲ. ಇಂಜೆಕ್ಷನ್ ಮೊದಲು ಕೊಟ್ಟು, ಬೆನ್ನಿಗೇ ಆಸಿಮರ್ಟಿನಿಬ್ ಮಾತ್ರೆ ಕೊಟ್ಟರೆ ಶ್ವಾಸಕೋಶ ಊದಿಕೊಳ್ಳೋ ಅಪಾಯವೂ ಹೆಚ್ಚು.

ಹತ್ತು ದಿನ ಕಾದ್ವಿ. ಇಜಿಎಫ್ಆರ್ ಪಾಸಿಟಿವ್. ಮಾವನಿಗೆ ದಿನಕ್ಕೊಂದು ಮಾತ್ರೆ ಶುರುವಾಯ್ತು. ಎರಡು ತಿಂಗಳಲ್ಲಿ ಕೆಮ್ಮು ಇಳೀತು. ಈಗ ಹದಿನಾಲ್ಕು ತಿಂಗಳು. ಬೆಳಿಗ್ಗೆ ಮಾತ್ರ ಆಟೋ ತೆಗೀತಾರೆ. ಮಾತ್ರೆ ಒಂದು ದಿನ ಕೆಲಸ ನಿಲ್ಲಿಸಬಹುದು ಅಂತ ಅವರಿಗೂ ಗೊತ್ತು. ಸೈಟ್ ಹಾಗೇ ಇದೆ, ಮುಂದಕ್ಕೆ ಬೇಕಾಗಬಹುದು ಅಂತ.

ನಿಮ್ಮ ಮನೆಗೂ ಇಂಥ ಪಿಡಿಎಫ್ ಬಂದರೆ ಡಾಕ್ಟರ್‌ನ ಎರಡು ಪ್ರಶ್ನೆ ಕೇಳಿ. ಈ ಸಂಖ್ಯೆ ಯಾವುದರ ಲೆಕ್ಕ? ಇಜಿಎಫ್ಆರ್, ಎಎಲ್‌ಕೆ ಟೆಸ್ಟ್‌ಗಳ ರಿಪೋರ್ಟ್ ಬಂದಿದೆಯಾ? ಆಮೇಲೆ ಮನೆಯವರಿಗೆ ಹೇಳಿ. ನಾನು ಅತ್ತೆಗೆ ಹೇಳಿದ ಹಾಗೆ ಮಾತ್ರ ಹೇಳಬೇಡಿ.