ಕೆಂಪು ಗೆಲಾಕ್ಸಿ, ನೀಲಿ ಗೆಲಾಕ್ಸಿ: ಒಳಹರಿವಿನ ಲೆಕ್ಕ



ಮಳೆಗಾಲ ಬಂತೆಂದರೆ ನಮ್ಮ ಮುನವಳ್ಳಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಮಲಪ್ರಭಾ ನದಿಯ ನವಿಲುತೀರ್ಥ ಅಣೆಕಟ್ಟೆಗೆ ಒಳಹರಿವು ಎಷ್ಟು? ನಮ್ಮೂರಲ್ಲಿ ಬಿದ್ದ ಮಳೆಗಿಂತ ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಳೆ ಹಿಡಿದಿದೆಯೇ ಅನ್ನುವುದೇ ಮುಖ್ಯ. ಗೆಲಾಕ್ಸಿಗಳ ಬದುಕೂ ಇದೇ ಲೆಕ್ಕದ ಮೇಲೆ ನಿಂತಿದೆ. ಅಲ್ಲಿ ನೀರಿನ ಜಾಗದಲ್ಲಿ ಜಲಜನಕ ಅನಿಲ, ಬೆಳೆಯ ಜಾಗದಲ್ಲಿ ನಕ್ಷತ್ರ.

ಮೊದಲು ಬಣ್ಣದ ಮಾತು. ರೋಹಿಣಿ, ಚಿತ್ತಾ ನಮಗೆ ಮಳೆಯ ಹೆಸರುಗಳು. ಆಕಾಶದಲ್ಲಿ ದಿಟ್ಟಿಸಿ ನೋಡಿದರೆ ರೋಹಿಣಿಗೆ ಕೆಂಡದ ಬಣ್ಣ, ಚಿತ್ತಾಗೆ ನೀಲಿ ಬೆರೆತ ಬಿಳುಪು. ಚಿತ್ತಾದಂಥ ಭಾರಿ ನಕ್ಷತ್ರ ಬಹಳ ಬಿಸಿ, ಕೆಲವೇ ಕೋಟಿ ವರ್ಷಗಳಲ್ಲಿ ಉರಿದು ಮುಗಿಯುತ್ತದೆ. ನಮ್ಮ ಸೂರ್ಯನ ಆಯಸ್ಸು ಸುಮಾರು 1,000 ಕೋಟಿ ವರ್ಷ. ಅದಕ್ಕಿಂತ ಚಿಕ್ಕ ಕೆಂಪು ನಕ್ಷತ್ರಗಳದ್ದು ಇನ್ನೂ ದೀರ್ಘ. ಹಾಗಾಗಿ ಗೆಲಾಕ್ಸಿ ನೀಲಿಯಾಗಿ ಕಂಡರೆ ಅಲ್ಲಿ ನಕ್ಷತ್ರಗಳು ಹುಟ್ಟುತ್ತಲೇ ಇವೆ. ಹುಟ್ಟು ನಿಂತಿತೋ, ನೀಲಿಯವು ಮೊದಲು ಹೋಗುತ್ತವೆ, ಕೆಂಪಿನವು ಉಳಿಯುತ್ತವೆ. ವಿಶ್ವ ಹಿಗ್ಗುವುದರಿಂದ ದೂರದ ಬೆಳಕು ಕೆಂಪಿಗೆ ತಿರುಗುವುದು ಬೇರೆ ಸಂಗತಿ. ಅದನ್ನೂ ಧೂಳಿನಿಂದಾದ ಕೆಂಪನ್ನೂ ಕಳೆದ ಮೇಲೆ ಸಿಗುವುದೇ ಗೆಲಾಕ್ಸಿಯ ಸ್ವಂತ ಬಣ್ಣ.

2001ರಲ್ಲಿ ಸ್ಲೋನ್ ಆಕಾಶ ಸಮೀಕ್ಷೆಯ ಸುಮಾರು ಒಂದೂವರೆ ಲಕ್ಷ ಗೆಲಾಕ್ಸಿಗಳನ್ನು ಬಣ್ಣದ ಪ್ರಕಾರ ಜೋಡಿಸಿದಾಗ ಅವು ನೀಲಿ, ಕೆಂಪು ಎಂದು ಎರಡು ಗುಂಪಾಗಿ ನಿಂತವು. ನಡುವೆ ಇದ್ದದ್ದು ಕಡಿಮೆ. ಆ ನಡುವಿನ ಜಾಗಕ್ಕೆ ಮುಂದೆ ‘ಹಸಿರು ಕಣಿವೆ’ ಎಂಬ ಹೆಸರು ಬಂತು. ಹಿಂದಿನ ಕಾಲಕ್ಕೆ ಹೋದಷ್ಟೂ ನೀಲಿಯ ಪಾಲು ಹೆಚ್ಚು. ಸುಮಾರು 800 ಕೋಟಿ ವರ್ಷಗಳ ಹಿಂದಿನಿಂದ ಈಚೆಗೆ ಕೆಂಪು ಗೆಲಾಕ್ಸಿಗಳಲ್ಲಿ ಕೂಡಿಕೊಂಡ ನಕ್ಷತ್ರರಾಶಿ ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಅಂದರೆ ನೀಲಿಯವೇ ಒಂದೊಂದಾಗಿ ಕೆಂಪಿನ ಸಾಲಿಗೆ ಸೇರುತ್ತ ಬಂದಿವೆ. ಇಡೀ ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಸುಮಾರು 1,000 ಕೋಟಿ ವರ್ಷಗಳ ಹಿಂದೆ ತುತ್ತತುದಿಯಲ್ಲಿತ್ತು. ಈಗ ಅದರ ಹತ್ತರಲ್ಲೊಂದು ಪಾಲು ಮಾತ್ರ.

ಯಾಕೆ ಇಳಿಯಿತು? ಇದಕ್ಕೆ ಉತ್ತರ ಹುಡುಕಿದ ಕೆಲಸ ನಮ್ಮ ಸಮೀಪವೇ ನಡೆದಿದೆ ಎಂಬುದು ನನಗೆ ಬಹಳ ಹೆಮ್ಮೆಯ ವಿಷಯ. ಪುಣೆ ಜಿಲ್ಲೆಯ ನಾರಾಯಣಗಾಂವ ಹತ್ತಿರ ಜಿಎಂಆರ್‌ಟಿ ರೇಡಿಯೊ ದೂರದರ್ಶಕವಿದೆ: 45 ಮೀಟರ್ ಅಗಲದ 30 ಬೋಗುಣಿಗಳು. ಅಲ್ಲಿನ ಆದಿತ್ಯ ಚೌಧುರಿ, ನಿಸ್ಸಿಂ ಕಾಣೇಕರ್, ಜಯರಾಂ ಚೆಂಗಲೂರ್ ಅವರೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶಿವ ಸೇಥಿ, ಕೆ. ಎಸ್. ದ್ವಾರಕಾನಾಥ್ ಅವರೂ ಸೇರಿ, 800 ಕೋಟಿ ವರ್ಷಗಳ ಹಿಂದಿನ ಗೆಲಾಕ್ಸಿಗಳಲ್ಲಿ ಜಲಜನಕ ಎಷ್ಟಿತ್ತೆಂದು ಅಳೆದರು. ಒಂದೊಂದು ಗೆಲಾಕ್ಸಿಯ ರೇಡಿಯೊ ಸಂಕೇತವೂ ಎಷ್ಟು ಕ್ಷೀಣವೆಂದರೆ ಒಂಟಿಯಾಗಿ ಅಳೆಯಲು ಬಾರದು. ಒಂದು ಜೋಳದ ಕಾಳಿಗೆ ತಕ್ಕಡಿ ಅಲುಗುವುದಿಲ್ಲ; ಬೊಗಸೆ ತುಂಬ ತೂಗಿ, ಎಣಿಸಿ, ಭಾಗಿಸಿದರೆ ಒಂದು ಕಾಳಿನ ತೂಕ ಸಿಗುತ್ತದೆ. ಅವರು 7,653 ಗೆಲಾಕ್ಸಿಗಳ ಸಂಕೇತ ಕೂಡಿಸಿ ಸರಾಸರಿ ತೆಗೆದರು. 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು.

ಅನಿಲದ ದಾಸ್ತಾನು ದೊಡ್ಡದೇ ಇತ್ತು. ಆದರೆ ನಕ್ಷತ್ರ ಕಟ್ಟುವ ವೇಗ ಎಷ್ಟಿತ್ತೆಂದರೆ ಅದು 100–200 ಕೋಟಿ ವರ್ಷಗಳಲ್ಲೇ ಬರಿದಾಗಬೇಕಿತ್ತು. ಹೊರಗಿನಿಂದ ಬೀಳುವ ಹೊಸ ಅನಿಲ ಆ ವೆಚ್ಚಕ್ಕೆ ಸಾಲದಾದಾಗ ಹುಟ್ಟು ಇಳಿಯಿತು. ಕಾಲುವೆ ತುಂಬ ನೀರು ಬಿಟ್ಟಿದೆ, ಮೇಲೆ ಮಳೆ ನಿಂತಿದೆ: ಆ ಸ್ಥಿತಿಯ ಅರ್ಥ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಒಳಹರಿವು ನಿಲ್ಲುವ ಬಗೆ ಹಲವು. ದೊಡ್ಡ ಗೆಲಾಕ್ಸಿಯ ನಡುವಿನ ಕಪ್ಪುಕುಳಿ ಸುತ್ತಲ ಅನಿಲವನ್ನು ಕಾಯಿಸಿ ತಣಿಯಗೊಡದು. ಗೆಲಾಕ್ಸಿಗಳ ಜಾತ್ರೆಯಂಥ ಗುಚ್ಛಕ್ಕೆ ನುಗ್ಗಿದವು ಇದ್ದ ಅನಿಲವನ್ನೂ ಕಳೆದುಕೊಳ್ಳುತ್ತವೆ. ಜೆಒ201 ಎಂಬ ಗೆಲಾಕ್ಸಿ ಸೆಕೆಂಡಿಗೆ 3,000 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹಾಗೆ ನುಗ್ಗುತ್ತಿದೆ. ಕಿತ್ತುಹೋದ ಅನಿಲ ಬಾಲದಂತೆ ಹಿಂದೆ ಜೋತಿದೆ, ಆ ಬಾಲದಲ್ಲೂ ನಕ್ಷತ್ರಗಳು ಹುಟ್ಟುತ್ತಿವೆ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕ ಅದನ್ನು ಕಂಡಿತು. ಆ ದೂರದರ್ಶಕವನ್ನು ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ.

ಕೊನೆಗೊಂದು ವಿನಂತಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತೀರಲ್ಲ, ಅವತ್ತು ಬೇಗ ಮನೆಗೆ ತಿರುಗಬೇಡಿ. ಮಕ್ಕಳನ್ನೂ ಉಳಿಸಿಕೊಳ್ಳಿ. ಏಳೂವರೆಯ ಹೊತ್ತಿಗೆ ಉತ್ತರದಲ್ಲಿ, ತುಸು ವಾಯವ್ಯಕ್ಕೆ ವಾಲಿದಂತೆ, ಅರ್ಧ ಆಕಾಶಕ್ಕೂ ಮೇಲೆ, ಸಣ್ಣ ಮಂಜಿನ ಚುಕ್ಕೆಯೊಂದು ಕಾಣುತ್ತದೆ. ಅದು ದೇವಯಾನಿ ಗೆಲಾಕ್ಸಿ. ಆ ಬೆಳಕು ಅಲ್ಲಿಂದ ಹೊರಟು 25 ಲಕ್ಷ ವರ್ಷವಾಯಿತು. ಅದೂ ನಮ್ಮ ಆಕಾಶಗಂಗೆಯೂ ಈಗ ಹಸಿರು ಕಣಿವೆಯಲ್ಲಿವೆ ಎಂಬುದು ಕೆಲವು ಖಗೋಳಜ್ಞರ ಅಂದಾಜು.