ಜೈಲಿನವರೇ ಕಾಪಿಟ್ಟ ರಕ್ತದ ಬರಹ

ಶಾಂಘೈ ಜೈಲಿನಲ್ಲಿ ಒಬ್ಬ ತರುಣಿ ತನ್ನ ರಕ್ತದಿಂದ ವರ್ಷಗಟ್ಟಲೆ ಬರೆದಳು. ಅವಳ ಬಾಯಿ ಮುಚ್ಚಿಸಲು ಹೊರಟವರೇ ಆ ಬರಹವನ್ನು ಕಡತ ಕಟ್ಟಿ ಕಾಪಾಡಿದರು. ಈ ಸಂಗತಿ ಓದಿದಂದಿನಿಂದ ನನ್ನ ತಲೆಯಿಂದ ಇಳಿದಿಲ್ಲ.

ಅವಳ ಹೆಸರು ಲಿನ್ ಝಾವೊ, ಊರು ಸುಝೌ. ಅಮೆರಿಕದ ಮೆಥಡಿಸ್ಟ್ ಮಿಷನರಿಗಳ ಹೆಣ್ಣುಮಕ್ಕಳ ಶಾಲೆಯಲ್ಲಿ ಓದು, ಅಲ್ಲಿದ್ದಾಗಲೇ ದೀಕ್ಷಾಸ್ನಾನ. ಆದರೆ ಹದಿಹರೆಯದಲ್ಲಿ ಕ್ರಾಂತಿಯ ಸೆಳೆತ ಜೋರಾಯಿತು. ಗುಟ್ಟಾಗಿ ಕಮ್ಯುನಿಸ್ಟ್ ಪಕ್ಷ ಸೇರಿದಳು. ಮನೆ ಬಿಟ್ಟಳು. ಹಳ್ಳಿಗಳಲ್ಲಿ ಭೂಸುಧಾರಣೆಯ ಕೆಲಸಕ್ಕೆ ನಿಂತಳು.

ಆಮೇಲೆ ಪೀಕಿಂಗ್ ವಿಶ್ವವಿದ್ಯಾಲಯ. ತಪ್ಪು ಕಂಡರೆ ಹೇಳಿ ಎಂದು ಮಾವೊ ತಾನೇ ಕರೆಕೊಟ್ಟು, ನಂಬಿ ಹೇಳಿದವರಿಗೆಲ್ಲ 1957ರಲ್ಲಿ ‘ಬಲಪಂಥೀಯ’ ಎಂಬ ಹಣೆಪಟ್ಟಿ ಹಚ್ಚಿದ. ಸಹಪಾಠಿಯ ಪರ ಎದ್ದು ಮಾತಾಡಿದ ಲಿನ್ ಝಾವೊಗೂ ಅದೇ ಗತಿ. ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದಳು. ತಾನು ಬಿಟ್ಟುಬಂದಿದ್ದ ದೇವರ ಕಡೆ ಅವಳು ಮತ್ತೆ ತಿರುಗಿದ್ದು ಈ ಪೆಟ್ಟಿನ ನಂತರ. ಸೋತವರು ಹುಡುಕುವ ಸಮಾಧಾನ ಅಂತ ಯಾರಾದರೂ ಅಂದರೆ ನಾನು ಒಪ್ಪೋದಿಲ್ಲ. ಆಮೇಲೂ ಅವಳು ಸುಮ್ಮನೆ ಕೂರಲಿಲ್ಲ. ಗಾನ್ಸು ಪ್ರಾಂತ್ಯದ ಕ್ಷಾಮವನ್ನು ಕಣ್ಣಾರೆ ಕಂಡ ಕೆಲವು ವಿದ್ಯಾರ್ಥಿಗಳು ‘ಕಿಡಿ’ ಎಂಬ ಗುಪ್ತ ಪತ್ರಿಕೆಯನ್ನು ಸೈಕ್ಲೋಸ್ಟೈಲ್ ಮಾಡಿ ಹಂಚಿದಾಗ, ಅದಕ್ಕೆ ಕವಿತೆ ಕೊಟ್ಟವಳು ಇವಳು. 1960ರಲ್ಲಿ ಬಂಧನವಾಯಿತು.

ಜೈಲಿನಲ್ಲಿ ಕಾಗದ, ಶಾಯಿ ಕಿತ್ತುಕೊಂಡರು. ಅವಳು ಟೂತ್‌ಬ್ರಷ್ಷಿನ ಹಿಡಿಯನ್ನು ಸಿಮೆಂಟು ನೆಲಕ್ಕೆ ತಿಕ್ಕಿ ಚೂಪು ಮಾಡಿದಳು. ಅದರಿಂದ ಬೆರಳು ಚುಚ್ಚಿ, ತೊಟ್ಟಿಕ್ಕಿದ ರಕ್ತವನ್ನು ಪ್ಲಾಸ್ಟಿಕ್ ಚಮಚದಲ್ಲಿ ಹಿಡಿದು, ಬಿದಿರಿನ ಸೀಳನ್ನು ಅದರಲ್ಲಿ ಅದ್ದಿ ಬರೆದಳು. ಕಾಗದ ಇಲ್ಲದಾಗ ಅಂಗಿ, ಹಾಸಿಗೆಯ ಬಟ್ಟೆಯೇ ಕಾಗದ. ಶಾಯಿ ಮತ್ತೆ ಸಿಕ್ಕಾಗ ರಕ್ತದಲ್ಲಿ ಬರೆದದ್ದನ್ನು ಕೂತು ನಕಲು ಮಾಡಿಕೊಂಡಳು. ಭಾನುವಾರ ಬಂತೆಂದರೆ ಕೋಣೆಯಲ್ಲಿ ಒಬ್ಬಳೇ ಆರಾಧನೆ, ಶಾಲೆಯಲ್ಲಿ ಬಾಯಿಪಾಠವಾಗಿದ್ದ ಭಕ್ತಿಗೀತೆಗಳು.

ಅವಳ ಶಿಕ್ಷೆ ಹೆಚ್ಚಿಸಬೇಕು ಎಂದು ಜೈಲಿನವರು ಒಂದು ವರದಿ ಬರೆದರು. ಮೈ ಚುಚ್ಚಿಕೊಂಡು ರಕ್ತದಲ್ಲಿ ಲಕ್ಷಗಟ್ಟಲೆ ಅಕ್ಷರ ಬರೆದಿದ್ದಾಳೆ ಅನ್ನೋದೂ ಅದರಲ್ಲಿದ್ದ ಒಂದು ಆರೋಪ. ಆರೋಪಕ್ಕೆ ಸಾಕ್ಷ್ಯ ಬೇಡವೇ? ಹಾಗಾಗಿ ಬರಹವನ್ನು ಸುಡುವಂತಿಲ್ಲ. ನನ್ನ ಪ್ರಕಾರ ಆ ವ್ಯವಸ್ಥೆ ಮಾಡಿಕೊಂಡ ಅತಿ ದೊಡ್ಡ ಎಡವಟ್ಟು ಇದೇ. ಅಂದು ಮನೆಮನೆಗಳಲ್ಲಿ ಜನ ಹೆದರಿ ತಮ್ಮ ಪುಸ್ತಕ, ಪತ್ರಗಳನ್ನು ತಾವೇ ಸುಡುತ್ತಿದ್ದರು. ಲಿನ್ ಝಾವೊ ಹೊರಗಿದ್ದಿದ್ದರೆ ಅವಳ ಬರಹ ಬಹುಶಃ ಉಳಿಯುತ್ತಲೇ ಇರಲಿಲ್ಲ.

1968ರ ಏಪ್ರಿಲ್ 29ರಂದು ಅವಳನ್ನು ಗುಂಡಿಟ್ಟು ಕೊಂದರು. ಎರಡು ದಿನ ಬಿಟ್ಟು ಪೊಲೀಸರು ತಾಯಿಯ ಮನೆಗೆ ಬಂದು ಗುಂಡಿನ ಖರ್ಚು ಐದು ಫೆನ್ ಕೇಳಿದರು ಎಂದು ತಂಗಿ ನೆನೆದಿದ್ದಾಳೆ. ಒಂದು ಯುವಾನಿಗೆ ನೂರು ಫೆನ್, ಅದರಲ್ಲಿ ಐದು.

ಮಾವೊ ಸತ್ತ ಮೇಲೆ ನ್ಯಾಯಾಲಯ ಮೊದಲು, ಅವಳಿಗೆ ಬುದ್ಧಿಭ್ರಮಣೆ ಇತ್ತು, ಆದ್ದರಿಂದ ನಿರಪರಾಧಿ ಎಂದಿತು. ಆ ತೀರ್ಪು ಓದಿದರೆ ಈಗಲೂ ರಕ್ತ ಕುದಿಯುತ್ತದೆ. ಮರುವಿಚಾರಣೆಯಲ್ಲಿ ಆ ಕಾರಣವನ್ನು ಕೈಬಿಟ್ಟರು. 1982ರಲ್ಲಿ ಕಡತದಲ್ಲಿದ್ದ ಅವಳ ಬರಹಗಳು ಮನೆಯವರ ಕೈಸೇರಿದವು.

ಇಲ್ಲಿ ನಾನು ಗಾನ್ ತ್ಸುಯ್ ಬಗ್ಗೆ ಹೇಳಲೇಬೇಕು. ಬಂಧನಕ್ಕೂ ಮುಂಚೆ ಲಿನ್ ಝಾವೊ ಮದುವೆಯಾಗಬೇಕೆಂದಿದ್ದವನು, ಅವನೂ ‘ಬಲಪಂಥೀಯ’ನೇ. ಪಕ್ಷ ಮದುವೆಗೆ ಅನುಮತಿ ಕೊಡಲಿಲ್ಲ, ಅವನನ್ನು ದೂರದ ಶಿನ್‌ಜಿಯಾಂಗ್‌ಗೆ ಅಟ್ಟಿತು. ಮುಪ್ಪಿನಲ್ಲಿ ಅವನ ಕೈಗೆ ಅವಳ ಒಂದು ಪತ್ರದ ಪ್ರತಿ ಸಿಕ್ಕಿತು: 1965ರಲ್ಲಿ ಜೈಲಿನಿಂದ ‘ಪೀಪಲ್ಸ್ ಡೈಲಿ’ ಸಂಪಾದಕರಿಗೆ ಶಾಯಿಯಲ್ಲಿ ಬರೆದು, ರಕ್ತದ ಮುದ್ರೆ ಒತ್ತಿದ್ದು, ಸುಮಾರು 1,40,000 ಅಕ್ಷರಗಳು. ನಿಮ್ಮ ಅಧಿಕಾರದ ಭೀಕರ ಒಡಲಲ್ಲೂ ಆಗಾಗ ಮನುಷ್ಯತ್ವದ ಹೊಳಪು ಕಂಡು ಅತ್ತಿದ್ದೇನೆ ಎಂಬ ಅರ್ಥದ ಮಾತು ಅದರಲ್ಲಿದೆ. ಅವಳ ಧರ್ಮಶ್ರದ್ಧೆ ಎಂಥದ್ದು ಅಂತ ಕೇಳಿದರೆ ನಾನು ತೋರಿಸುವುದು ಆ ಸಾಲನ್ನೇ. ಗಾನ್ ತ್ಸುಯ್ ತಿಂಗಳುಗಟ್ಟಲೆ ಕೂತು ಆ ಪತ್ರವನ್ನು ಕೈಯಾರೆ ನಕಲು ಮಾಡಿದ. ಮೂಲ ಬರಹಗಳನ್ನು ತಂಗಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೂವರ್ ಸಂಸ್ಥೆಗೆ ಒಪ್ಪಿಸಿದಳು. ಸಂಶೋಧಕರು ಈಗ ಅಲ್ಲಿಗೆ ಹೋಗಿ ಓದುತ್ತಾರೆ.