ಕೋವಿ ಎಲ್ಲಿಗೆ ಹೋಗಬಾರದು? ಮಹಿಳೆಯರು ತಿಳಿದಿರಬೇಕಾದ ಕಾನೂನು
(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣ)



ಉಳಿತಾಯ, ಸಾಲ, ಮರುಪಾವತಿ ಅಂತ ನಾವು ಪ್ರತಿ ವಾರ ಮಾತಾಡ್ತೇವೆ. ಇವತ್ತಿನ ವಿಷಯ ಬೇರೆ. ಮಲೆನಾಡು, ಕೊಡಗು ಕಡೆ ಅನೇಕ ಮನೆಗಳಲ್ಲಿ ಕೋವಿ ಇದೆ. ಬೆಳೆ ಕಾಯಲು ಅಂತ ಇಟ್ಟುಕೊಂಡದ್ದು. ಆದರೆ ತೋಟಕ್ಕೆ ಅಂತ ತಂದ ಕೋವಿ ಬಾರಿಗೆ, ಮದುವೆ ಚಪ್ಪರಕ್ಕೆ, ಜಾತ್ರೆಗೆ ಹೋದರೆ? ಅದರ ಕಷ್ಟ ಕೊನೆಗೆ ಬರುವುದು ಹೆಂಗಸರ, ಮಕ್ಕಳ ತಲೆಗೇ. ಆದ್ದರಿಂದ ಕಾನೂನು ನಮಗೆ ಗೊತ್ತಿರಬೇಕು.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಇಟ್ಟುಕೊಂಡರೆ 2019ರ ತಿದ್ದುಪಡಿಯ ಪ್ರಕಾರ 2 ವರ್ಷಕ್ಕೆ ಕಡಿಮೆ ಇಲ್ಲದಂತೆ 5 ವರ್ಷದ ತನಕ ಜೈಲು, ಜೊತೆಗೆ ದಂಡ. ಕೊಡಗಿನಲ್ಲಿ ಕೊಡವ ಜನಾಂಗದವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಹಿಂದಿನಿಂದಲೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿತು. ಆದರೆ ಇನ್ನೊಬ್ಬರ ಜೀವಕ್ಕೆ ಅಪಾಯ ಮಾಡಲು ಯಾರಿಗೂ ವಿನಾಯಿತಿ ಇಲ್ಲ.

ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಎಲ್ಲಿಗೆ ಬೇಕಾದರೂ ಒಯ್ಯಬಹುದೇ? ಇಲ್ಲ. ವಿಶೇಷ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲೆ-ಕಾಲೇಜಿನ ಆವರಣಕ್ಕೆ ಒಯ್ಯಬಾರದು ಅಂತ ಲೈಸೆನ್ಸಿನ ಷರತ್ತೇ ಹೇಳುತ್ತದೆ. ಅಂದರೆ ಊರಿನ ತೇರಿಗೂ ಇಲ್ಲ, ನಮ್ಮ ದೇವಾಲಯದ ಹಬ್ಬದ ಮೆರವಣಿಗೆಗೂ ಇಲ್ಲ. ಬಾರ್ ಅಂತ ಆ ಷರತ್ತಿನಲ್ಲಿ ಹೆಸರು ಹೇಳಿಲ್ಲ. ಆದರೆ 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೋವಿಯನ್ನು ಅದರ ಚೀಲದೊಳಗೆ ಇಟ್ಟೇ ಒಯ್ಯಬೇಕು, ಝಳಪಿಸಬಾರದು, ಹಾರಿಸಬಾರದು. ಮದುವೆಯಲ್ಲಿ, ಸಮಾರಂಭದಲ್ಲಿ, ಪೂಜಾಸ್ಥಳದಲ್ಲಿ ಖುಷಿಗೆ ಅಂತ ಗುಂಡು ಹಾರಿಸಿ ಜನರನ್ನು ಅಪಾಯಕ್ಕೆ ಒಡ್ಡಿದರೆ 2 ವರ್ಷದ ತನಕ ಜೈಲು, ಅಥವಾ 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ.

ಕುಡಿತ ಮತ್ತು ಕೋವಿ ಒಂದೇ ಕಡೆ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ದೆಹಲಿಯ ಉದಾಹರಣೆ ಇದೆ. 1999ರ ಏಪ್ರಿಲ್ ಕೊನೆಯಲ್ಲಿ ಒಂದು ಪಾರ್ಟಿಯಲ್ಲಿ, ಇನ್ನು ಮದ್ಯ ಕೊಡಲಾಗದು ಅಂದದ್ದಕ್ಕೆ ಜೆಸ್ಸಿಕಾ ಲಾಲ್ ಎಂಬ ಯುವತಿಯನ್ನು ಗುಂಡಿಟ್ಟು ಕೊಂದರು. ಕೆಳಗಿನ ಕೋರ್ಟು ಆರೋಪಿಗಳನ್ನು ಬಿಟ್ಟುಬಿಟ್ಟಿತ್ತು. ಜನ ಸುಮ್ಮನಿರಲಿಲ್ಲ. 2006ರಲ್ಲೇ ಹೈಕೋರ್ಟು ಕೊಂದವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, 2010ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಅಮೆರಿಕದಲ್ಲಿ ಇದೇ ವಿಷಯಕ್ಕೆ ದೊಡ್ಡ ಚರ್ಚೆ ಇದೆ. ಜಾರ್ಜಿಯಾ ರಾಜ್ಯ 2014ರಲ್ಲಿ ಒಂದು ಕಾನೂನು ಮಾಡಿತು. ಲೈಸೆನ್ಸ್ ಇದ್ದವರು ಮಾಲೀಕ ಬೇಡ ಅನ್ನದಿದ್ದರೆ ಬಾರಿಗೂ, ಚರ್ಚಿನವರು ಒಪ್ಪಿದರೆ ಚರ್ಚಿಗೂ ಬಂದೂಕು ತರಬಹುದು ಅಂತ. ಆಗ ಅಟ್ಲಾಂಟಾದ ಮಹಾಧರ್ಮಾಧ್ಯಕ್ಷರಾಗಿದ್ದ ವಿಲ್ಟನ್ ಗ್ರೆಗರಿಯವರು ತಮ್ಮ ಕಥೋಲಿಕ ಸಂಸ್ಥೆಗಳಲ್ಲಿ ಅದಕ್ಕೆ ಅವಕಾಶವಿಲ್ಲ, ಕಾವಲಿಗೆ ಸರಕಾರ ನೇಮಿಸಿದವರಿಗೆ ಮಾತ್ರ ಸರಿ ಎಂದು ಸ್ಪಷ್ಟವಾಗಿ ಹೇಳಿದರು. ಕೆಟ್ಟವನು ಬಂದೂಕು ಹಿಡಿದು ಬಂದರೆ ಒಳ್ಳೆಯವನ ಕೈಯಲ್ಲೂ ಇರಬೇಡವೇ ಅಂತ ಕೇಳುವವರೂ ಇದ್ದಾರೆ. ಟೆಕ್ಸಾಸಿನ ಒಂದು ಚರ್ಚಿನಲ್ಲಿ 2019ರ ಡಿಸೆಂಬರಿನಲ್ಲಿ ಹಾಗೇ ಆಯಿತು. ಗುಂಡು ಹಾರಿಸಿದವನನ್ನು ಚರ್ಚಿನ ಸ್ವಯಂಸೇವಕರೇ ಕೆಲವೇ ಸೆಕೆಂಡುಗಳಲ್ಲಿ ಹೊಡೆದುರುಳಿಸಿದರು. ಆದರೂ ಅಷ್ಟರೊಳಗೆ ಇಬ್ಬರ ಪ್ರಾಣ ಹೋಗಿತ್ತು. ಗೆತ್ಸೆಮನಿ ತೋಟದಲ್ಲಿ ಕತ್ತಿ ಎತ್ತಿದ ಪೇತ್ರನನ್ನು ಯೇಸುಸ್ವಾಮಿ ತಡೆದದ್ದನ್ನು ನೆನೆಯೋಣ.

ಈಗ ನಾವು ಮಾಡಬಹುದಾದ ಕೆಲಸ:

ಮೊದಲನೆಯದು, ಮನೆಯಲ್ಲಿ ಕೋವಿ ಇದ್ದರೆ ಲೈಸೆನ್ಸ್ ಅವಧಿ ಯಾವಾಗ ಮುಗಿಯುತ್ತದೆ ನೋಡಿ. ಕೋವಿ ಮತ್ತು ತೋಟಾ ಬೇರೆ ಬೇರೆ ಕಡೆ ಬೀಗದೊಳಗೆ ಇರಲಿ. ಮಕ್ಕಳ ಕೈಗೆ ಎಟುಕಬಾರದು.

ಎರಡನೆಯದು, ಯಜಮಾನರು ತೀರಿಹೋದರೆ ಅವರ ಲೈಸೆನ್ಸ್ ಹೆಂಡತಿಗೋ ಮಗನಿಗೋ ತಾನಾಗಿ ಬರುವುದಿಲ್ಲ. ತಡಮಾಡದೆ ಹತ್ತಿರದ ಠಾಣೆಗೆ ಅಥವಾ ಲೈಸೆನ್ಸ್ ಇರುವ ಬಂದೂಕು ಅಂಗಡಿಗೆ ಒಪ್ಪಿಸಿ ರಶೀದಿ ಪಡೆಯಿರಿ. ದುಃಖದಲ್ಲಿ ಇದನ್ನು ಮರೆತ ವಿಧವೆ ಕೇಸಿಗೆ ಸಿಕ್ಕಿಬೀಳಬಾರದು.

ಮೂರನೆಯದು, ಕುಡಿದು ಬಂದು ಕೋವಿ ತೋರಿಸಿ ಹೆದರಿಸುವುದು ಮನೆಯ ಒಳಗಿನ ವಿಷಯ ಅಲ್ಲ, ಅಪರಾಧ. ತಕ್ಷಣ 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181 ಕೂಡ ಇದೆ. ಕೌಟುಂಬಿಕ ದೌರ್ಜನ್ಯ ತಡೆಯಲು 2005ರ ಕಾಯ್ದೆ ಇದೆ, ರಕ್ಷಣಾಧಿಕಾರಿಗೆ ದೂರು ಕೊಡಬಹುದು. ಸಾರ್ವಜನಿಕ ಶಾಂತಿ, ಸುರಕ್ಷತೆಗೆ ಅಗತ್ಯ ಅನ್ನಿಸಿದರೆ ಲೈಸೆನ್ಸ್ ಕೊಟ್ಟ ಅಧಿಕಾರಿಗೆ ಅದನ್ನು ರದ್ದು ಮಾಡುವ ಅಧಿಕಾರ ಇದೆ. ಆದ್ದರಿಂದ ಜಿಲ್ಲಾಧಿಕಾರಿಗಳಿಗೂ ಬರೆದು ತಿಳಿಸಿ.

ಒಬ್ಬಳೇ ಠಾಣೆಗೆ ಹೋಗಲು ಹೆದರಿಕೆ ಆಗುವುದು ಸಹಜ. ಸಂಘದ ನಾಲ್ಕು ಜನ ಜೊತೆಗೆ ಹೋದರೆ ಧೈರ್ಯ ಬರುತ್ತದೆ. ಸಂಘ ಇರುವುದು ಬರೀ ಸಾಲಕ್ಕಲ್ಲ. ಈ ವಿಷಯವನ್ನು ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ, ನಮ್ಮ ಹಬ್ಬ-ಮದುವೆಗಳಲ್ಲಿ ಕೋವಿ ಬೇಡ ಎಂದು ತೀರ್ಮಾನ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ.